ಅಕ್ಕನ ಸೀಟು

ಡಾನ್ಯೂಬ್ ದಾಟಲು ದೋಣಿಗೆ ಕಾಯುತ್ತಿದ್ದೆವು. ನನ್ನ ಮುಂದೆ ಆರಡಿ ಎತ್ತರದ ಮುದುಕನೊಬ್ಬ ಹೆಂಗಸರ ಸೈಕಲ್ ಹಿಡಿದು ನಿಂತು ಮಂಡಿ ತಿಕ್ಕಿಕೊಳ್ಳುತ್ತಿದ್ದ. ಜೊತೆಗೆ ಅವನ ನಾದಿನಿ, ಅವಳದೇ ಸೈಕಲ್ಲಿನೊಂದಿಗೆ.

“ಆ ಸೀಟು ಎತ್ತರಿಸ್ಕೊಳ್ಳಿ ಭಾವ. ದ್ರಾಕ್ಷಿ ಕೊಯ್ಯೋರೆಲ್ಲ ನಿಮ್ಮನ್ನ ನೋಡಿ ನಗ್ತಿದಾರೆ.”

“ನಗಲಿ ಹೆಡ್ವಿಗ್. ಅದು ನಿಮ್ಮಕ್ಕನ ಅಳತೆ.”

“ಹೊಸ ವೈನ್ ಇದೆ ಅಂತ ಬಾಗಿಲಿಗೆ ಸೊಪ್ಪು ಕಟ್ಟಿರೋ ಮನೆ ಕಂಡಲ್ಲೆಲ್ಲ ಇಳೀತೀರಿ.”

“ಮಂಡಿಗೆ ಬಿಡುವು ಬೇಡ್ವಾ?”

“ನಿಮ್ಮ ಸೈಕಲ್ಲೇ ತರಬಹುದಿತ್ತು.”

“ಇದು ಮೂಲೇಲಿ ನಿಂತಿದ್ರೆ, ತನ್ನ ಸವಾರಿ ಮುಗೀತು ಅಂದ್ಕೋತಾಳೆ.”

“ಅಕ್ಕಂಗೆ ಸೊಂಟದ ಆಪರೇಷನ್ ಆಗಿದೆ. ಇನ್ಮೇಲೆ ಸೈಕಲ್ ಬೇಡ ಅಂತ ಡಾಕ್ಟರೇ ಹೇಳಿದ್ರಲ್ಲ.”

“ಡಾಕ್ಟರ್ ಹೇಳಿದಾರೆ. ಅವಳಿನ್ನೂ ಹೇಳಿಲ್ಲ.”

ಅವಳು ತನ್ನ ಸೈಕಲ್ಲನ್ನು ಅವನತ್ತ ತಳ್ಳಿದಳು.

“ತಗೊಳ್ಳಿ, ಇದರ ಸೀಟು ಎಷ್ಟು ಬೇಕೋ ಎತ್ತರಿಸ್ಕೊಳ್ಳಿ. ಅಕ್ಕಂದು ನಂಗೆ ಕೊಡಿ. ನಾವಿಬ್ರೂ ಒಂದೇ ಎತ್ತರ.”

“ಮೊನ್ನೆ ಮನೆ ಬಿಟ್ಟಾಗ್ಲೇ ಹೇಳೋಕೆ ಏನಾಗಿತ್ತು?”

“ನೋಡೋಕೆ ಮಜವಾಗಿತ್ತು ಭಾವ.”

ಅವಳು ಅಕ್ಕನ ಸೈಕಲ್ ಮೇಲೆ ಕೂತು ನೋಡಿದಳು. ಎರಡೂ ಪಾದಗಳು ನೆಲಕ್ಕೆ ಸರಿಯಾಗಿ ಊರಿದವು. ಅವನು ಆ ಪಾದಗಳನ್ನೇ ನೋಡುತ್ತ ನಿಂತ.

“ಬನ್ನಿ ಭಾವ, ದೋಣಿ ಬಂತು,” ಎಂದು ಅವಳೇ ಕರೆದುಕೊಂಡು ಹೋದಳು.