ಪಾಳು ಚರ್ಚಿನ ಗೇಟಿನ ಬಳಿ ಇಟ್ಟ ಕಲ್ಲುಗಳು

ಊರಿನವರು ಟೈಲರಕ್ಕ ಎನ್ನುವ ನಾನು, ವಯಸ್ಸು 41 ವರ್ಷ, ಹೊಲಿಗೆ ಕೆಲಸ, ಹಾಲಿನ ಡೇರಿ ಪಕ್ಕದ ಮನೆಯಲ್ಲಿ ವಾಸ, ಠಾಣೆಗೆ ಬಂದು ಹೇಳಿ ಬರೆಸುವುದೇನೆಂದರೆ:

ನಿನ್ನೆ ಬೆಳಿಗ್ಗೆ ಒಂಬತ್ತು ಗಂಟೆಗೆ ನನ್ನ ಅತ್ತೆ, ವಯಸ್ಸು 74, ತಪ್ಪಿಸಿಕೊಂಡ ಆಡನ್ನು ಹುಡುಕಲು ಕೋಲು ಹಿಡಿದು ಹೊರಟರು. ಹನ್ನೊಂದಕ್ಕೆ ಆಡು ಮನೆಗೆ ಬಂತು, ಅತ್ತೆ ಬರಲಿಲ್ಲ. ಎಲ್ಲ ಕಡೆ ಹುಡುಕಿ, ಎರಡು ಗಂಟೆಗೆ ಇದೇ ಠಾಣೆಯಲ್ಲಿ ಅವರು ಕಾಣೆಯಾದ ಬಗ್ಗೆ ದೂರು ಕೊಟ್ಟೆ.

ಮನೆಗೆ ಹಿಂದಿರುಗುವಾಗ ಪಾಳು ಚರ್ಚಿನ ಸ್ಮಶಾನದ ಗೇಟಿಗೆ ಬಂದೆ. ಅಲ್ಲಿ ಸತ್ತವರು ಮಣ್ಣಿನಡಿಯಿಂದ ಬಡಿಯುತ್ತಾರೆ, ಸದ್ದು ಕೇಳಿದವರು ಗೇಟಿನ ಬಳಿ ಒಂದು ಕಲ್ಲಿಟ್ಟು ಹಿಂದೆ ನೋಡದೆ ಹೋಗಬೇಕು ಎಂಬುದು ಊರಿನ ಹಳೆಯ ನಂಬಿಕೆ. ಅಲ್ಲಿದ್ದ ಹಳೆಯ ಕಲ್ಲುಗಳಿಗೆಲ್ಲ ಪಾಚಿ ಕಟ್ಟಿತ್ತು. ನಿನ್ನೆ ಅವುಗಳ ಮೇಲೆ ಹಸಿ ಮಣ್ಣು ಅಂಟಿದ ಹೊಸ ಕಲ್ಲುಗಳ ರಾಶಿಯೇ ಇತ್ತು. ಹಾಲಿನವನು ಸೈಕಲ್ಲಿನಿಂದ ಇಳಿದು ಇನ್ನೊಂದನ್ನು ಇಡುತ್ತಿದ್ದ. ಬೆಳಿಗ್ಗೆಯಿಂದ ಬಡಿತ ನಿಂತೇ ಇಲ್ಲ, ಊರಿಗೆ ಏನು ಕಾದಿದೆಯೋ ಎಂದ.

ನಾನೂ ಒಂದು ಕಲ್ಲು ಎತ್ತಿಕೊಂಡೆ. ಆಗ ಸದ್ದು ಕೇಳಿತು. ಬೇಗ ಬೇಗ ಎರಡು ಬಡಿತ, ಸ್ವಲ್ಪ ತಡೆದು ಇನ್ನೊಂದು. ಚಹಾ ತಡವಾದರೆ ಅತ್ತೆ ಕೋಲಿನಿಂದ ಗೋಡೆಗೆ ಬಡಿಯುವುದು ಹಾಗೆಯೇ. ಕಲ್ಲನ್ನು ಎಸೆದು ಒಳಗೆ ಓಡಿದೆ.

ಚರ್ಚಿನ ಗೋಡೆಯ ಹಿಂದೆ, ಪೊದೆ ಮುಚ್ಚಿದ ಹಳೆಯ ಗುಂಡಿಯಲ್ಲಿ ಅತ್ತೆ ಕುಳಿತಿದ್ದರು. ಕಾಲು ಊದಿತ್ತು, ಕೂಗಿ ಕೂಗಿ ಗಂಟಲು ಕಟ್ಟಿತ್ತು. ಮೊದಲು ಕೇಳಿದ್ದು ಆಡು ಸಿಕ್ಕಿತಾ ಎಂದು. ಆಮೇಲೆ, ಕೂಗು ಕೇಳಿದವರು ಇನ್ನೂ ಜೋರಾಗಿ ಓಡಿದರು, ಇಣುಕಿ ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ ಎಂದು ಬೈದರು. ಈ ಕಥೆ ನಮಗೆಲ್ಲ ಹೇಳಿದ್ದು ನೀವೇ ಅಲ್ವಾ ಅತ್ತೆ ಎಂದೆ. ಮಕ್ಕಳು ಗುಂಡಿಗೆ ಬೀಳದಿರಲಿ ಅಂತ ನಮ್ಮತ್ತೆ ಹೇಳ್ತಿದ್ರು, ನಾನೂ ಹೇಳಿದೆ, ಮೀಸೆ ಬಂದವರೂ ನಂಬ್ತಾರೆ ಅಂತ ಯಾರಿಗೆ ಗೊತ್ತು ಎಂದರು.

ಹಾಲಿನವನನ್ನು ಕೂಗಿ ಕರೆದೆ. ಬಂದ. ಇಬ್ಬರೂ ಸೇರಿ ಅವರನ್ನು ಮೇಲಕ್ಕೆತ್ತಿದೆವು. ಮೂಳೆ ಮುರಿದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಈ ದಿನ ಬೆಳಿಗ್ಗೆ, ಕಲ್ಲಿಟ್ಟವರೆಲ್ಲ ತಾವಾಗಿಯೇ ಬಂದು ಗೇಟಿನ ಬಳಿಯ ಕಲ್ಲುಗಳಿಂದ ಆ ಗುಂಡಿಯನ್ನು ತುಂಬಿಸಿದರು. ಅತ್ತೆ ಕುರ್ಚಿಯಲ್ಲಿ ಕುಳಿತು ಕೋಲು ತೋರಿಸುತ್ತಾ ಕೆಲಸ ಮಾಡಿಸಿದರು. ಗೇಟಿನ ಬಳಿ ಈಗ ಒಂದು ಕಲ್ಲೂ ಇಲ್ಲ.

ನನಗೆ ಯಾರ ಮೇಲೂ ದೂರಿಲ್ಲ. ಕಾಣೆಯಾದ ದೂರನ್ನು ಮುಕ್ತಾಯಗೊಳಿಸಲು ಕೋರುತ್ತೇನೆ. ಅತ್ತೆ ಹಟ ಹಿಡಿದಿರುವುದರಿಂದ ಇದನ್ನೂ ಬರೆಸುತ್ತಿದ್ದೇನೆ: ಇನ್ನು ಮುಂದೆ ಸದ್ದು ಕೇಳಿದವರು ಒಳಗೆ ಹೋಗಿ ನೋಡಬೇಕು. ನೋಡದೆ ಹೋದವರ ಮನೆ ಬಾಗಿಲನ್ನು ತಾನು ಸತ್ತ ಮೇಲೆ ಬಂದು ಬಡಿಯುವುದಾಗಿ ಮಕ್ಕಳಿಗೆ ಈಗಾಗಲೇ ಹೇಳಿದ್ದಾರೆ.

ಬರೆದದ್ದನ್ನು ಓದಿಸಿ ಕೇಳಿದೆ, ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಈ ದಿನ, ಶನಿವಾರ
ಸಹಿ: ಟೈಲರಕ್ಕ
(ಯಾರೂ ಕೇಳದಿದ್ದರೂ, ಅತ್ತೆಯ ಹೆಬ್ಬೆಟ್ಟು)