ಪಕ್ಕದ ಕಾಲಾಳು

ಚೆಸ್ ಪಂದ್ಯ ನಡೆದ ಸಭಾಂಗಣದ ಎದುರಿನ ಬಸ್ ನಿಲ್ದಾಣದಲ್ಲಿ ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು. ಆಡಿ ಬಂದವಳು ಅಕ್ಕ. ಕರೆದೊಯ್ಯಲು ಬಂದವನು ತಮ್ಮ.

“ಸೋತೆಯಾ ಅಕ್ಕ?”

“ಡ್ರಾ.”

“ಚಾಂಪಿಯನ್ ಜೊತೆ ಡ್ರಾನಾ? ಹಾಗಾದ್ರೆ ಅರ್ಧ ಅಂಕ ಬಂತಲ್ಲ. ತಂಡಕ್ಕೆ ಸೇರೋಕೆ ಅಷ್ಟೇ ತಾನೇ ಬೇಕಿದ್ದದ್ದು?”

“ಅಷ್ಟೇ. ಎರಡು ವರ್ಷ ಅದೇ ಅರ್ಧ ಅಂಕ ಸಾಲದೆ ಮನೇಲಿ ಕೂತೆ. ಈ ಸಲ ತಂಡದಲ್ಲಿದ್ದೀನಿ ಕಣೋ.”

“ನಾನು ಹೇಳಿದ ಹಾಗೆ ರಾಜನ ಮುಂದಿನ ಕಾಲಾಳಿನಿಂದ ಶುರು ಮಾಡಿದೆ ತಾನೇ?”

“ಮಾಡೋಣ ಅಂತಲೇ ಕೈ ಹಾಕಿದೆ. ಒರೆಸೋಕೆ ಅಂತ ಕನ್ನಡಕ ತೆಗೆದಿದ್ದೆ, ಮೊದಲಿಗೆ ಅಷ್ಟಾಗಿ ಯಾರೂ ನಡೆಸದ ಪಕ್ಕದ ಕಾಲಾಳು ಕೈಗೆ ಬಂತು.”

“ಅಯ್ಯೋ, ಮುಟ್ಟಿದ ಮೇಲೆ ಅದನ್ನೇ ನಡೆಸಬೇಕಲ್ಲ.”

“ನಡೆಸಿದೆ. ಬೇಕಂತಲೇ ಮಾಡಿದವಳ ಹಾಗೆ ಎರಡು ಮನೆ ಮುಂದೆ ತಳ್ಳಿ ಕೈಕಟ್ಟಿ ಕೂತೆ.”

“ಅವರೇನು ಮಾಡಿದ್ರು?”

“ಏನೋ ಮಸಲತ್ತು ಮಾಡ್ಕೊಂಡು ಬಂದಿದ್ದಾಳೆ ಅಂದ್ಕೊಂಡ್ರು. ಮೊದಲ ನಡೆಗೇ ಅರ್ಧ ಗಂಟೆ ತಲೆ ಕೆಡಿಸ್ಕೊಂಡ್ರು. ಕೊನೆಗೆ ಗಡಿಯಾರದಲ್ಲಿ ಸಮಯ ಸಾಲದೆ ಅವರೇ ಡ್ರಾ ಕೇಳಿದ್ರು.”

“ಹಾಗಾದ್ರೆ ಆಡಿದ್ದು ನೀನಲ್ಲ, ನಿನ್ನ ಕನ್ನಡಕ.”

“ಮೊದಲ ನಡೆ ಮಾತ್ರ ಕನ್ನಡಕದ್ದು. ಮಿಕ್ಕಿದ್ದೆಲ್ಲ ನಂದು.”

ಎರಡು ಬಸ್ಸುಗಳು ಅಕ್ಕಪಕ್ಕದಲ್ಲಿ ಬಂದು ನಿಂತವು.

“ಕನ್ನಡಕ ಹಾಕ್ಕೋ ಅಕ್ಕ. ಪಕ್ಕದ ಬಸ್ ಹತ್ತಿಬಿಟ್ಟೀಯ.”

“ಹತ್ತಿದ್ರೇನು? ಇವತ್ತು ಅದೂ ನಮ್ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತೆ, ಬಾರೋ,” ಅನ್ನುತ್ತಾ ಅವಳು ತಮ್ಮನಿಗಿಂತ ಮುಂದೆ ನಡೆದಳು.