ದಾರಿ ಮಾಡಿಕೊಟ್ಟ ಒಳ್ಳೆಯವರು

ಒಂದೂರಲ್ಲಿ ಒಬ್ಬ ವಿಜ್ಞಾನಿ ಇದ್ದಳು. ಶ್ರೀಮಂತಳಲ್ಲ. ತನ್ನವರು ಅಂತ ಇದ್ದದ್ದು ಒಬ್ಬಳೇ ಅಕ್ಕ. ಆ ಅಕ್ಕನ ಎದೆಯಲ್ಲಿ ಕ್ಯಾನ್ಸರ್ ಗಂಟು ಕಾಣಿಸಿತು. ವೈದ್ಯರು ತೆಗೆದರು. ಸುತ್ತ ಉಳಿದಿರುವುದು ಒಳ್ಳೆಯ ಮಾಂಸ, ಅದೇ ಕಾವಲು ಎಂದು ನೆರೆಹೊರೆಯವರು ನೆಮ್ಮದಿಪಟ್ಟರು. ತಂಗಿಗೆ ಮಾತ್ರ ಭಯ. ಕಾವಲು ಕಾಯುತ್ತದೆಯೇ? ನಿಜವಾಗಿ ಕಾಯುತ್ತದೆಯೇ?

ನೋಡಿ ತಾಯಂದಿರೇ, ಅವಳ ಕಸುಬೇ ಅದು. ಉಗುರಿನಷ್ಟು ಬಿಲ್ಲೆಯೊಳಗೆ ಕೂದಲೆಳೆಯಂಥ ಕಾಲುವೆಗಳನ್ನು ಮಾಡಿ, ಮೈಯೊಳಗಿನ ಓಣಿಗಳನ್ನು ಹೊರಗೆ ಕಟ್ಟುವುದು. ಒಂದು ತುದಿಗೆ ವೈದ್ಯರು ತೆಗೆದ ಅಕ್ಕನ ಗಂಟಿನ ಜೀವಕೋಶಗಳನ್ನು ಬಿಟ್ಟಳು. ಇನ್ನೊಂದು ತುದಿಗೆ ರಕ್ತನಾಳದಂಥ ಕಾಲುವೆ. ನಡುವೆ ಮೈಯೊಳಗಿನ ನಾರಿನಂಥ ದಟ್ಟವಾದ ಜಾಲ. ರೋಗದ ಕೋಶಗಳು ಜಾಲದವರೆಗೆ ಬಂದವು, ದಾಟಲಾರದೆ ನಿಂತವು.

ಇನ್ನೊಂದು ಬಿಲ್ಲೆಯಲ್ಲಿ ಅದೇ ಜಾಲದೊಳಗೆ ಗಂಟಿನ ನೆರೆಯಲ್ಲಿದ್ದ ಒಳ್ಳೆಯ ಕೋಶಗಳನ್ನು ಕಾವಲಿಗೆ ಇಟ್ಟಳು. ಮಾರನೆಯ ದಿನ ನೋಡಿದರೆ ರೋಗ ದಾಟಿಬಿಟ್ಟಿತ್ತು. ಬಿಲ್ಲೆ ಅದಲುಬದಲಾಗಿರಬೇಕು ಎಂದು ಮತ್ತೆ ಮಾಡಿದಳು. ಮತ್ತೆ ಅದೇ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಮುಂದೆ ಯಾರಿದ್ದರು ಗೊತ್ತೇ? ಒಳ್ಳೆಯವರು! ಅವರೇ ಜಾಲ ಹರಿದು, ಸಂದು ಅಗಲ ಮಾಡಿ ಮುಂದೆ ಸಾಗುತ್ತಿದ್ದರು. ರೋಗ ಅವರ ಬೆನ್ನಿಗೇ ಬರುತ್ತಿತ್ತು.

ಅಕ್ಕನ ಮುಂದೆ ಕೂತು ಹೇಳಿದಳು: "ಆ ಕಾವಲು ಕೋಶಗಳು ಕೆಟ್ಟವಲ್ಲಕ್ಕಾ. ಗಂಟಿನ ಬಾಜೂಕ ಇದ್ದು ಇದ್ದು, ಅದರ ಮಾತು ಕೇಳಾಕ ಕಲತಾವ."

ಅಕ್ಕ ಕೇಳಿದಳು: "ಹಂಗಾರ ನಾನು ಯಾರನ್ನ ನಂಬಲಿ?"

ಮತ್ತೆ ಆಸ್ಪತ್ರೆಗೆ ಓಡಿದರು. ಅಷ್ಟರಲ್ಲಿ ರೋಗ ಶ್ವಾಸಕೋಶಕ್ಕೆ ಬಂದು ಕೂತಿತ್ತು. ಅಕ್ಕ ಬದುಕಿದಳೇ ಎಂದು ನೀವು ಕೇಳುತ್ತೀರಿ. ನಾನು ಹೇಳುವುದಿಲ್ಲ. ನನಗೆ ಭಯವಿರುವುದು ಈ ಪ್ರವಚನ ಕೇಳಲು ಬಂದ ನಿಮ್ಮ ಬಗ್ಗೆ.

ಪಕ್ಕದ ಮನೆಯಲ್ಲಿ ಗಂಡ ಹೆಂಡತಿಯನ್ನು ಹೊಡೆಯುವ ಸದ್ದು ಕೇಳಿದಾಗ ಟಿವಿ ಜೋರು ಮಾಡಿದವರು ಯಾರು? ಊರ ಉಸಾಬರಿ ನಮಗ್ಯಾಕೆ ಎಂದವರು ಯಾರು? ಅಳುತ್ತ ಬಂದವಳಿಗೆ 'ಹೊಂದಿಕೊಂಡು ಹೋಗವ್ವ' ಎಂದು ಬುದ್ಧಿ ಹೇಳಿ, ಕೈಹಿಡಿದು ಅದೇ ಮನೆಗೆ ಬಿಟ್ಟು ಬಂದವರು ಯಾರು? ಕೆಟ್ಟವರೇ? ಅಲ್ಲ ತಾಯಂದಿರೇ. ಹಣೆಗೆ ವಿಭೂತಿ ಹಚ್ಚಿಕೊಂಡು ಇಲ್ಲಿ ಕೂತಿರುವ ನಾವು, ಒಳ್ಳೆಯವರು. ಹೊಡೆಯುವವನು ಒಬ್ಬನೇ. ದಾರಿ ಅಗಲ ಮಾಡಿಕೊಟ್ಟವರು ನಾವು.

ಇವತ್ತು ಮನೆಗೆ ಹೋಗುತ್ತೀರಿ. ಆ ಸದ್ದು ಕೇಳಿದರೆ ಟಿವಿ ಆರಿಸಿ. ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಆ ಬಾಗಿಲು ತಟ್ಟಿ. ಅವಳು ನಿಮ್ಮ ಮನೆಗೆ ಬಂದರೆ ಒಳಗೆ ಕರೆದು ಊಟಕ್ಕಿಡಿ, ತಿರುಗಿ ಕಳಿಸಬೇಡಿ. ಗೋಡೆಯ ಆಚೆ ಅವಳೂ ಅಕ್ಕ ಕೇಳಿದ್ದನ್ನೇ ಕೇಳುತ್ತಿದ್ದಾಳೆ: ನಾನು ಯಾರನ್ನು ನಂಬಲಿ?